ಎತ್ತಿನಗಾಡಿಯಲ್ಲಿ ಬಂದ ಕ್ರಿಸ್ತ

ಕಾರ್ಕಳದಲ್ಲಿ ಹುಟ್ಟಿ, ಮಂಗಳೂರು ಬೆಂಗಳೂರುಗಳಲ್ಲಿ ಪಾಠ ಹೇಳಿ, ಜಿನೀವಾಕ್ಕೆ ಹೋಗಿ ಜಗತ್ತಿನ ಚರ್ಚುಗಳನ್ನು ಅನ್ಯಧರ್ಮೀಯರೊಡನೆ ಮಾತಿಗೆ ಕೂರಿಸಿದವರು ಸ್ಟ್ಯಾನ್ಲಿ ಸಮರ್ಥ. ಕಿಟೆಲ್ಲರನ್ನು ಬಲ್ಲ ಕನ್ನಡಕ್ಕೆ ಈ ದೇವಶಾಸ್ತ್ರಜ್ಞ ಇನ್ನೂ ಅಪರಿಚಿತ.

1975ರ ಕೊನೆ. ಕೀನ್ಯಾದ ನೈರೋಬಿಯಲ್ಲಿ ಚರ್ಚುಗಳ ಜಾಗತಿಕ ಮಂಡಳಿಯ ಐದನೆಯ ಮಹಾಸಭೆ ಸೇರಿತ್ತು. ಪ್ರೊಟೆಸ್ಟೆಂಟ್ ಮತ್ತು ಆರ್ಥೊಡಾಕ್ಸ್ ಸಭೆಗಳ ಈ ಒಕ್ಕೂಟ ಹುಟ್ಟಿದ್ದು 1948ರಲ್ಲಿ, ಆಮ್‌ಸ್ಟರ್‌ಡಾಮಿನಲ್ಲಿ. ಅದು ಹಿಂದೂ, ಬೌದ್ಧ, ಮುಸ್ಲಿಂ, ಯಹೂದಿ ಮತ್ತು ಸಿಖ್ ಅತಿಥಿಗಳನ್ನು ತನ್ನ ಮಹಾಸಭೆಗೆ ಕರೆದದ್ದು ಇದೇ ಮೊದಲು. ಅತಿಥಿಗಳು ಬಂದರು, ಕೂತರು, ಮಾತಾಡಿದರು. ಜಗಳ ಹತ್ತಿದ್ದು ಆಮೇಲೆ. ಬೇರೆ ಧರ್ಮದವರ ಜೊತೆ ಸೇರಿ ಸಮುದಾಯ ಕಟ್ಟುವುದು ಹೇಗೆ ಎಂಬ ವರದಿ ಮುಖ್ಯ ಸಭೆಯ ಮುಂದೆ ಬಂದಾಗ ಯುರೋಪಿನ ಹಲವು ಪ್ರತಿನಿಧಿಗಳು ಎದ್ದುನಿಂತರು. ನಾರ್ವೆಯ ಬಿಷಪ್ ಪೆರ್ ಲೋನಿಂಗ್ ಅವರಲ್ಲಿ ಪ್ರಮುಖರು. ಹೀಗೆ ಹೋದರೆ ಸುವಾರ್ತೆಯ ಗತಿಯೇನು, ಎಲ್ಲ ಧರ್ಮಗಳನ್ನೂ ಕಲಸಿಬಿಡುವ ದಾರಿ ಇದಲ್ಲವೆ ಎಂಬುದು ಅವರ ತಕರಾರು. ಬೆಂಗಳೂರಿನ ರಸೆಲ್ ಚಂದ್ರನ್, ಶ್ರೀಲಂಕಾದ ಲಿನ್ ಡಿ ಸಿಲ್ವ ಮೊದಲಾದ ಏಷ್ಯಾದವರು ಸಮರ್ಥನೆಗೆ ನಿಂತರು. ಕೊನೆಗೆ ವರದಿ ತಿದ್ದುಪಡಿಗೆ ಹೋಯಿತು. ಕ್ರೈಸ್ತರ ಸಾಕ್ಷಿಯ ಹೊಣೆಯನ್ನು ಒತ್ತಿಹೇಳುವ ಮುನ್ನುಡಿಯೊಂದನ್ನು ಹಚ್ಚಿದ ಮೇಲಷ್ಟೇ ಅದು ಅಂಗೀಕಾರವಾಯಿತು.

ಈ ಎಲ್ಲ ಟೀಕೆಯ ಗುರಿಯಾಗಿದ್ದದ್ದು ಮಂಡಳಿಯ ಸಂವಾದ ವಿಭಾಗ. ಅದರ ಮೊದಲ ನಿರ್ದೇಶಕರು ಕಾರ್ಕಳದಲ್ಲಿ ಹುಟ್ಟಿದ ಸ್ಟ್ಯಾನ್ಲಿ ಜೆಡಿಡಾಯ ಸಮರ್ಥ.

ಮಿಶನ್ನಿನ ಮಗ

ಸಮರ್ಥರು ಹುಟ್ಟಿದ್ದು 1920ರಲ್ಲಿ. ತಂದೆ ಬಾಸೆಲ್ ಮಿಶನ್ನಿನ ಸಭಾಪಾಲಕರು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನ ಕತೆ ಕನ್ನಡಿಗರಿಗೆ ಹೊಸದಲ್ಲ. ಮೊಗ್ಲಿಂಗರು 1843ರಲ್ಲಿ ಹೊರತಂದ ‘ಮಂಗಳೂರ ಸಮಾಚಾರ’, ಜೆಪ್ಪುವಿನ ಹೆಂಚಿನ ಕಾರ್ಖಾನೆ, ನೇಯ್ಗೆ, ಮುದ್ರಣ, 1894ರ ಕಿಟೆಲ್ ನಿಘಂಟು ಎಲ್ಲವನ್ನೂ ಶಾಲೆಯ ಪಾಠದಿಂದಲೇ ಬಲ್ಲೆವು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಜರ್ಮನ್ ಮಿಶನರಿಗಳನ್ನು ಬಂಧನದಲ್ಲಿಟ್ಟಿತು, ಮಿಶನ್ನಿನ ಉದ್ಯಮಗಳು ಬೇರೆಯವರ ಕೈಸೇರಿದವು. ಹೊರಗಿನ ದೊರೆಗಳಿಲ್ಲದೆ ಸಭೆ ನಡೆಸುವ ಹೊಣೆ ಊರವರ ಮೇಲೆ ಬೀಳತೊಡಗಿದ ಕಾಲದಲ್ಲಿ ಸಮರ್ಥರು ಕಣ್ಣುಬಿಟ್ಟರು.

ಕಾರ್ಕಳ ಅಂಥ ಹುಡುಗನಿಗೆ ಸಿಕ್ಕ ಊರು. ಬಂಡೆಯ ಮೇಲೆ 1432ರಲ್ಲಿ ನಿಲ್ಲಿಸಿದ 42 ಅಡಿಯ ಬಾಹುಬಲಿ, ಎದುರಿಗೆ ಚತುರ್ಮುಖ ಬಸದಿ, ಪೇಟೆಯಲ್ಲಿ ವೆಂಕಟರಮಣ ದೇವಸ್ಥಾನ, ಹತ್ತಿರದ ಅತ್ತೂರಿನಲ್ಲಿ ಜಾತಿಮತ ನೋಡದೆ ಜನ ಸೇರುವ ಸಂತ ಲಾರೆನ್ಸರ ಇಗರ್ಜಿ, ಮಸೀದಿಗಳು, ಸುತ್ತಲೂ ಭೂತಗಳ ಸಾನ. ಇಷ್ಟರ ನಡುವೆ ಸಣ್ಣದೊಂದು ಪ್ರೊಟೆಸ್ಟೆಂಟ್ ಸಭೆ. ಇಂಥಲ್ಲಿ ನೆರೆಮನೆಯವರ ದೇವರನ್ನು ಪುಸ್ತಕದಿಂದ ಕಲಿಯಬೇಕಾಗಿಲ್ಲ. ಆದರೆ ಭಾನುವಾರದ ಪ್ರಸಂಗದಲ್ಲಿ ಕೇಳುವ ಮಾತಿಗೂ ವಾರವಿಡೀ ಕಾಣುವ ಬದುಕಿಗೂ ತಾಳೆಯಾಗುವುದು ಹೇಗೆಂಬ ಪ್ರಶ್ನೆ ಅಲ್ಲಿ ತಾನಾಗಿ ಏಳುತ್ತದೆ. ಸಮರ್ಥರು ಆ ಪ್ರಶ್ನೆಯನ್ನು ಕೊನೆಯವರೆಗೂ ಕೈಬಿಡಲಿಲ್ಲ.

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಪದವಿ ಮುಗಿಸಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿಗೆ ಸೇರಿದರು. 1910ರಲ್ಲಿ ಶುರುವಾದ, ಮಿಲ್ಲರ್ಸ್ ರಸ್ತೆಯ ಈ ಕಾಲೇಜು ಬೇರೆ ಬೇರೆ ಪ್ರೊಟೆಸ್ಟೆಂಟ್ ಸಭೆಗಳ ಪಾದ್ರಿಗಳು ಒಂದೇ ಬೆಂಚಿನಲ್ಲಿ ಕೂತು ಕಲಿಯಲೆಂದು ಹುಟ್ಟಿದ್ದು. ಅಲ್ಲಿ ಅವರಿಗೆ ಸಿಕ್ಕ ಗುರು ಪಿ.ಡಿ. ದೇವನಂದನ್. ಮಾಯಾವಾದದ ಬಗ್ಗೆ ಪುಸ್ತಕ ಬರೆದ, ಮುಂದೆ 1957ರಲ್ಲಿ ಬೆಂಗಳೂರಿನಲ್ಲಿ ಧರ್ಮ ಮತ್ತು ಸಮಾಜದ ಅಧ್ಯಯನಕ್ಕೊಂದು ಕ್ರೈಸ್ತ ಸಂಸ್ಥೆ ಕಟ್ಟಿದ ದೇವನಂದನ್, ಹಿಂದೂ ಧರ್ಮದಲ್ಲಿ ಆಗುತ್ತಿರುವ ಹೊಸ ಚಲನೆಯನ್ನು ಗೌರವದಿಂದ ಗಮನಿಸಬೇಕೆಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದವರು.

ಬಾರ್ತ್‌ರ ನೆರಳು

ಆ ಕಾಲದ ಪ್ರೊಟೆಸ್ಟೆಂಟ್ ಚಿಂತನೆಯಲ್ಲಿ ಹೀಗೆ ಹೇಳುವುದು ಸಲೀಸಾಗಿರಲಿಲ್ಲ. 1938ರಲ್ಲಿ ಮದರಾಸಿನ ಹತ್ತಿರದ ತಾಂಬರಂನಲ್ಲಿ ಜಾಗತಿಕ ಮಿಶನರಿ ಸಮ್ಮೇಳನ ನಡೆದಿತ್ತು. ಅದಕ್ಕೆಂದೇ ಡಚ್ ವಿದ್ವಾಂಸ ಹೆಂಡ್ರಿಕ್ ಕ್ರೇಮರ್ ಒಂದು ದೊಡ್ಡ ಗ್ರಂಥ ಬರೆದರು. ಸತ್ಯವೇದ ಸಾರುವ ದೇವರ ಪ್ರಕಟನೆಗೂ ಮನುಷ್ಯರ ಧರ್ಮಗಳಿಗೂ ನಡುವೆ ಸೇತುವೆಯಿಲ್ಲ ಎಂಬುದು ಅದರ ಸಾರ. ಪಿ. ಚೆಂಚಯ್ಯ, ವಿ. ಚಕ್ಕರೈ ಮೊದಲಾದ ಮದರಾಸಿನ ಚಿಂತಕರು ಅದೇ ವರ್ಷ ಪುಸ್ತಕವೊಂದನ್ನು ತಂದು ಬೇರೆ ದನಿ ಎತ್ತಿದರೂ, ಸಮ್ಮೇಳನದ ನಂತರವೂ ದಶಕಗಳ ಕಾಲ ನಡೆದದ್ದು ಕ್ರೇಮರ್ ಮಾತೇ.

ಕ್ರೇಮರ್ ಬೆನ್ನಿಗಿದ್ದದ್ದು ಸ್ವಿಸ್ ದೇವಶಾಸ್ತ್ರಜ್ಞ ಕಾರ್ಲ್ ಬಾರ್ತ್‌ರ ವಿಚಾರ. ದೇವರನ್ನು ತಲುಪಲು ಮನುಷ್ಯ ಮಾಡುವ ಸಾಹಸವೇ ಧರ್ಮ, ಅದೇ ಅವಿಶ್ವಾಸ ಎಂದವರು ಬಾರ್ತ್. ಕ್ರೈಸ್ತ ಧರ್ಮಕ್ಕೂ ಈ ತೀರ್ಪು ಅನ್ವಯಿಸುತ್ತದೆ ಎಂದು ಅವರು ಹೇಳಿದ್ದನ್ನು ಅವರ ಶಿಷ್ಯರಲ್ಲಿ ಹಲವರು ಮರೆತರು. ಸಿಂಹಳದ ಡಿ.ಟಿ. ನೈಲ್ಸ್ ಹೇಳುತ್ತಿದ್ದ ಪ್ರಸಂಗವೊಂದು ದೇವಶಾಸ್ತ್ರದ ತರಗತಿಗಳಲ್ಲಿ ಇಂದಿಗೂ ಓಡಾಡುತ್ತದೆ. ತಾವು ಎಷ್ಟು ಜನ ಹಿಂದೂಗಳನ್ನು ಕಂಡಿದ್ದೀರಿ ಎಂದು ನೈಲ್ಸ್ ಕೇಳಿದರಂತೆ. ಒಬ್ಬರನ್ನೂ ಇಲ್ಲ ಎಂದರಂತೆ ಬಾರ್ತ್. ಹಾಗಾದರೆ ಹಿಂದೂ ಧರ್ಮ ಅವಿಶ್ವಾಸವೆಂದು ಗೊತ್ತಾದದ್ದು ಹೇಗೆ ಎಂದರೆ, ಅದಕ್ಕೆ ಅನುಭವ ಬೇಕಿಲ್ಲ, ಅದು ಮೊದಲೇ ಸಿದ್ಧ ಎಂಬ ಧಾಟಿಯ ಉತ್ತರ ಬಂತಂತೆ. ನೈಲ್ಸ್ ತಲೆ ಅಲ್ಲಾಡಿಸಿ ನಕ್ಕರು.

ಸಮರ್ಥರು ಈ ಪರಂಪರೆಯನ್ನು ದೂರದಿಂದ ಬೈದವರಲ್ಲ, ಹತ್ತಿರ ಹೋಗಿ ಕಲಿತವರು. ನ್ಯೂಯಾರ್ಕಿನ ಯೂನಿಯನ್ ಸೆಮಿನರಿಯಲ್ಲಿ ಪಾಲ್ ಟಿಲಿಕ್‌ರ ಬಳಿ ಓದಿದರು, ಬಾಸೆಲ್‌ನಲ್ಲಿ ಬಾರ್ತ್‌ರ ಉಪನ್ಯಾಸಗಳನ್ನು ಕೇಳಿದರು. ಹಾರ್ಟ್‌ಫರ್ಡ್‌ನಲ್ಲಿ ಡಾಕ್ಟರೇಟಿಗೆ ಅವರು ಎತ್ತಿಕೊಂಡ ವಿಷಯ ಆಧುನಿಕ ಹಿಂದೂ ಚಿಂತಕರ ಇತಿಹಾಸದೃಷ್ಟಿ. ಹಿಂದೂ ಚಿಂತನೆಯಲ್ಲಿ ಕಾಲ ಬರೀ ಸುತ್ತುತ್ತದೆ, ಇತಿಹಾಸಕ್ಕೆ ಅಲ್ಲಿ ಬೆಲೆಯಿಲ್ಲ ಎಂಬುದು ಪಶ್ಚಿಮದ ಕಾಲೇಜುಗಳಲ್ಲಿ ಆಗ ಸಿದ್ಧ ಅಭಿಪ್ರಾಯ. ಅದನ್ನು ನಂಬಿ ಕೂರದೆ, ಹಿಂದೂ ಚಿಂತಕರು ಬರೆದದ್ದನ್ನೇ ತೆಗೆದು ಓದಿದರು. ಆ ಪ್ರಬಂಧ 1959ರಲ್ಲಿ ಪುಸ್ತಕವಾಗಿ ಬಂತು. 1964ರಲ್ಲಿ ರಾಧಾಕೃಷ್ಣನ್ ಅವರ ಚಿಂತನೆಗೊಂದು ಪ್ರವೇಶಿಕೆ ಬರೆದರು. ಕ್ರೈಸ್ತ ಮಿಶನ್ನಿನ ಕಟುವಿಮರ್ಶಕರೂ ಆಗಿದ್ದ, ಆಗ ರಾಷ್ಟ್ರಪತಿ ಹುದ್ದೆಯಲ್ಲಿದ್ದ ತತ್ತ್ವಜ್ಞಾನಿಯನ್ನು ಓದುಗರಿಗೆ ಪರಿಚಯಿಸಿದ್ದು ಸಭಾಪಾಲಕರೊಬ್ಬರ ಮಗ.

ಮೇಷ್ಟ್ರ ವರ್ಷಗಳು

ಅಮೆರಿಕದಿಂದ ಮರಳಿದ ಸಮರ್ಥರು 1950ರ ದಶಕದಲ್ಲಿ ಮಂಗಳೂರಿನ ಬಲ್ಮಠದಲ್ಲಿದ್ದ ಬಾಸೆಲ್ ಮಿಶನ್ ಸೆಮಿನರಿಯ ಪ್ರಿನ್ಸಿಪಾಲರಾದರು. ಇಂದಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಅದೇ. ಜರ್ಮನ್ ಮತ್ತು ಸ್ವಿಸ್ ಗುರುಗಳು ಕೂತು ಹೋದ ಕುರ್ಚಿ ಅದು. ಕನ್ನಡ ಸಭೆಗಳಿಗೆ ಪಾದ್ರಿಗಳನ್ನು ತಯಾರು ಮಾಡುವುದು ಅಲ್ಲಿಯ ಕೆಲಸ. ಇಲ್ಲಿಂದ ಹೊರಟವರು ಹೋಗಬೇಕಾದದ್ದು ಹತ್ತಿಪ್ಪತ್ತು ಕ್ರೈಸ್ತ ಮನೆಗಳೂ ನೂರಾರು ಬೇರೆ ಮನೆಗಳೂ ಇರುವ ಊರುಗಳಿಗೆ. ಅಂಥವನು ಸತ್ಯವೇದವನ್ನಷ್ಟೇ ಕಲಿತು, ಎದುರುಮನೆಯವರು ಏನನ್ನು ನಂಬುತ್ತಾರೆಂದು ತಿಳಿಯದೆ ಹೋದರೆ ಅರ್ಧ ವಿದ್ಯೆ ಕಲಿತಂತಲ್ಲವೆ?

1960ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿಗೆ ಪ್ರಾಧ್ಯಾಪಕರಾಗಿ ಬಂದರು. ಹಿಂದೆ ದೇವನಂದನ್ ಕಲಿಸುತ್ತಿದ್ದ ತತ್ತ್ವಶಾಸ್ತ್ರ ಮತ್ತು ಧರ್ಮಗಳ ಇತಿಹಾಸವೇ ಅವರ ಪಾಲಿಗೆ ಬಂತು. ಆಗಿನ ಬೆಂಗಳೂರು ಭಾರತೀಯ ಕ್ರೈಸ್ತ ಚಿಂತನೆಯ ರಾಜಧಾನಿ ಎನ್ನುವಂತಿತ್ತು. ಕಾಲೇಜಿನಲ್ಲಿ ರಸೆಲ್ ಚಂದ್ರನ್, ಅಧ್ಯಯನ ಸಂಸ್ಥೆಯಲ್ಲಿ ದೇವನಂದನ್, 1962ರಲ್ಲಿ ಅವರು ತೀರಿಕೊಂಡ ಮೇಲೆ ಎಂ.ಎಂ. ಥಾಮಸ್. ರಾಷ್ಟ್ರ ಕಟ್ಟುವ ಕೆಲಸದಲ್ಲಿ ಕ್ರೈಸ್ತರ ಪಾಲೇನು, ಹಿಂದೂ ಸುಧಾರಕರು ಕ್ರಿಸ್ತನನ್ನು ಕಂಡ ಬಗೆ ಏನು ಎಂಬ ಚರ್ಚೆ ಇಲ್ಲಿಂದ ಹೊರಟು ಜಗತ್ತಿನ ಚರ್ಚುಗಳನ್ನು ಮುಟ್ಟುತ್ತಿತ್ತು. 1966ರಲ್ಲಿ ಸಮರ್ಥರು ಬಂಗಾಳದ ಸೆರಾಂಪುರ ಕಾಲೇಜಿನ ಪ್ರಿನ್ಸಿಪಾಲರಾಗಿ ಹೋದರು. ವಿಲಿಯಂ ಕೇರಿ ಮತ್ತು ಜೊತೆಗಾರರು 1818ರಲ್ಲಿ ಕಟ್ಟಿದ, ಡೆನ್ಮಾರ್ಕಿನ ದೊರೆಯಿಂದ ಪದವಿ ಕೊಡುವ ಹಕ್ಕು ಪಡೆದ ಸಂಸ್ಥೆ ಅದು. ಅಲ್ಲಿ ಎರಡು ವರ್ಷ ಕಳೆಯುವಷ್ಟರಲ್ಲಿ ಜಿನೀವಾದಿಂದ ಕರೆ ಬಂತು.

ಜಿನೀವಾದ ಹನ್ನೆರಡು ವರ್ಷ

1968ರಲ್ಲಿ ಅವರು ಸೇರಿದ್ದು ಮಂಡಳಿಯ ಮಿಶನ್ ಮತ್ತು ಸುವಾರ್ತಾ ಅಧ್ಯಯನದ ವಿಭಾಗಕ್ಕೆ. ಅಂದರೆ ಬೇರೆ ಧರ್ಮಗಳ ವಿಷಯ ಆಗಿನ್ನೂ ಮತಪ್ರಚಾರದ ಕೋಣೆಯೊಳಗಿನ ಒಂದು ಕಪಾಟು. ಅದನ್ನು ಆ ಕೋಣೆಯಿಂದ ಹೊರತಂದದ್ದು ಸಮರ್ಥರ ಮೊದಲ ಸಾಧನೆ.

1970ರ ಮಾರ್ಚಿನಲ್ಲಿ ಲೆಬನಾನಿನ ಅಜಾಲ್ತೂನ್ ಎಂಬಲ್ಲಿ ಹಿಂದೂ, ಬೌದ್ಧ, ಮುಸ್ಲಿಂ ಮತ್ತು ಕ್ರೈಸ್ತರ ಸಭೆಯೊಂದನ್ನು ಕರೆದರು. ಸೇರಿದ್ದು ನಲವತ್ತರ ಹತ್ತಿರದ ಜನ, ಅದರಲ್ಲೂ ಕ್ರೈಸ್ತರೇ ಹೆಚ್ಚು. ಆದರೂ ಮಂಡಳಿಯ ಆಶ್ರಯದಲ್ಲಿ ನಾಲ್ಕು ಧರ್ಮದವರು ಒಂದೇ ಸೂರಿನಡಿ ಉಳಿದು, ಒಬ್ಬರ ಪ್ರಾರ್ಥನೆಯನ್ನು ಇನ್ನೊಬ್ಬರು ಕಂಡು ಚರ್ಚಿಸಿದ್ದು ಹೊಸದು. ಅಲ್ಲಿಯವರೆಗೆ ಕ್ರೈಸ್ತರು ತಮ್ಮತಮ್ಮಲ್ಲೇ ಕೂತು ಬೇರೆಯವರ ಬಗ್ಗೆ ಮಾತಾಡುತ್ತಿದ್ದರು, ಈಗ ಬೇರೆಯವರ ಜೊತೆಯೇ ಮಾತಾಡಿದರು. ಮರುವರ್ಷ ಅಡಿಸ್ ಅಬಾಬಾದಲ್ಲಿ ಸೇರಿದ ಮಂಡಳಿಯ ಕೇಂದ್ರ ಸಮಿತಿ ಸಂವಾದಕ್ಕೆಂದೇ ಪ್ರತ್ಯೇಕ ವಿಭಾಗ ತೆರೆದು ಸಮರ್ಥರನ್ನು ನಿರ್ದೇಶಕರನ್ನಾಗಿ ಮಾಡಿತು. 1972ರಲ್ಲಿ ಲೆಬನಾನಿನ ಬ್ರುಮಾನಾದಲ್ಲಿ ಮುಸ್ಲಿಂ–ಕ್ರೈಸ್ತ ಸಂವಾದ, 1974ರಲ್ಲಿ ಕೊಲಂಬೊದಲ್ಲಿ ಹಲವು ಧರ್ಮಗಳ ಸಭೆ. ರೋಮಿನ ಕ್ಯಾಥಲಿಕ್ ಸಭೆಯೂ ಎರಡನೆಯ ವ್ಯಾಟಿಕನ್ ಪರಿಷತ್ತಿನ 1965ರ ಘೋಷಣೆಯಲ್ಲಿ ಬೇರೆ ಧರ್ಮಗಳ ಸತ್ಯವನ್ನು ಗೌರವಿಸುವ ಮಾತಾಡಿದ್ದರಿಂದ ಗಾಳಿ ಸ್ವಲ್ಪ ಬದಲಾಗಿತ್ತು.

ನೈರೋಬಿಯ ಪೆಟ್ಟು ಬಿದ್ದದ್ದು ಈ ಹೊತ್ತಿನಲ್ಲಿ. ಸಮರ್ಥರು ಹಟ ಹಿಡಿಯಲಿಲ್ಲ. ವಿರೋಧಿಸಿದವರನ್ನೂ ಸೇರಿಸಿಕೊಂಡು 1977ರಲ್ಲಿ ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಸಭೆ ನಡೆಸಿದರು. ಅಲ್ಲಿ ರೂಪುಗೊಂಡ ಮಾತುಗಳ ಮೇಲೆ 1979ರಲ್ಲಿ ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಕೇಂದ್ರ ಸಮಿತಿ ಸಂವಾದದ ಮಾರ್ಗಸೂಚಿಗಳನ್ನು ಒಪ್ಪಿತು. ಅದರಲ್ಲಿ ಒಂದು ವಾದ ತುಂಬ ಜಾಣತನದ್ದು. ನೆರೆಯವರ ವಿಷಯದಲ್ಲಿ ಸುಳ್ಳುಸಾಕ್ಷಿ ನುಡಿಯದಿರುವುದು ಮೋಶೆಯ ಹತ್ತು ಆಜ್ಞೆಗಳಲ್ಲೊಂದು. ಅವರನ್ನು ಕೇಳದೆ, ಅರಿಯದೆ ಅವರ ನಂಬಿಕೆಯ ಬಗ್ಗೆ ತೀರ್ಪು ಕೊಡುವವರು ಈ ಆಜ್ಞೆಯನ್ನೇ ಮೀರಿದಂತೆ. ಹೀಗೆ ಸತ್ಯವೇದಕ್ಕೆ ಹೆಚ್ಚು ನಿಷ್ಠರೆಂದು ಹೇಳಿಕೊಳ್ಳುವವರಿಗೆ ಸತ್ಯವೇದದಿಂದಲೇ ಉತ್ತರ ಸಿಕ್ಕಿತು. 1980ರಲ್ಲಿ ಸಮರ್ಥರು ಹುದ್ದೆ ಬಿಟ್ಟರು. ಮುಂದೆ ಕೆಲವು ವರ್ಷಗಳಲ್ಲಿ ಆ ವಿಭಾಗದ ಹೊಣೆ ಶ್ರೀಲಂಕಾದ ವೆಸ್ಲಿ ಅರಿಯರಾಜರಿಗೆ ಬಂತು.

ಕಟ್ಟಿಲ್ಲದ ಕ್ರಿಸ್ತ

ಸಂಘಟಕರಾಗಿ ಹೆಸರಾದರೂ ಸಮರ್ಥರ ನಿಜವಾದ ಕಸುಬು ಚಿಂತನೆ. 1974ರಲ್ಲಿ ಮದರಾಸಿನಿಂದ ಬಂದ ಅವರ ಪುಸ್ತಕ ಹಿಂದೂಗಳು ಕ್ರಿಸ್ತನಿಗೆ ಸ್ಪಂದಿಸಿದ ಬಗೆಯನ್ನು ಕುರಿತದ್ದು. ರಾಮಮೋಹನ ರಾಯ್, ಗಾಂಧಿ, ರಾಧಾಕೃಷ್ಣನ್ ಇವರೆಲ್ಲ ಅಲ್ಲಿ ಬರುತ್ತಾರೆ. ಇದೇ ವಿಷಯವನ್ನು ಇಬ್ಬರು ಆಗಲೇ ಮುಟ್ಟಿದ್ದರು. ಹಿಂದೂ ಧರ್ಮದೊಳಗೆ ಅರಿಯದ ಕ್ರಿಸ್ತನಿದ್ದಾನೆ ಎಂದಿದ್ದರು ರೇಮಂಡ್ ಪಣಿಕ್ಕರ್, 1964ರಲ್ಲಿ. ಭಾರತದ ನವೋದಯ ಕ್ರಿಸ್ತನನ್ನು ಗುರುತಿಸಿ ಒಪ್ಪಿಕೊಂಡಿದೆ ಎಂದಿದ್ದರು ಎಂ.ಎಂ. ಥಾಮಸ್, 1969ರಲ್ಲಿ. ಸಮರ್ಥರ ಕ್ರಿಸ್ತ ಕಟ್ಟಿಲ್ಲದವನು. ಚರ್ಚು ಅವನಿಗೆ ಸೇರಿದ್ದು ನಿಜ, ಅವನು ಚರ್ಚಿಗೆ ಮಾತ್ರ ಸೇರಿದವನಲ್ಲ. ದೀಕ್ಷಾಸ್ನಾನ ಪಡೆಯದೆ, ಸಭೆಗೆ ಸೇರದೆ ಅವನ ಮುಂದೆ ಕೂತ ಗಾಂಧಿಯಂಥವರ ಸ್ಪಂದನವನ್ನು ಅರೆಬೆಂದದ್ದೆಂದು ತಳ್ಳುವ ಹಕ್ಕು ಯಾರಿಗಿದೆ?

ಇನ್ನೂ ಮುಂದೆ ಹೋಗಿ ಅದ್ವೈತದ ಭಾಷೆಯಲ್ಲೇ ಕ್ರಿಸ್ತನನ್ನು ಅರಿಯಲು ಸಾಧ್ಯವೇ ಎಂದು ನೋಡಿದರು. ದೇವರು, ಮನುಷ್ಯ, ಪ್ರಕೃತಿ ಇವುಗಳ ಒಳಗಿನ ಏಕತೆಯನ್ನು ಹೇಳಲು ಗ್ರೀಕ್ ತತ್ತ್ವಶಾಸ್ತ್ರಕ್ಕಿಂತ ಅದ್ವೈತ ಕಡಿಮೆಯೇನಲ್ಲ. ಆದರೆ ವ್ಯಕ್ತಿಗೆ, ಇತಿಹಾಸಕ್ಕೆ, ನೋವಿಗೆ ಅದ್ವೈತ ಸಾಕಷ್ಟು ತೂಕ ಕೊಡುವುದಿಲ್ಲ. ಆ ಕೊರತೆಯನ್ನು ತುಂಬುವುದು ಶಿಲುಬೆ. ಹೀಗೆ ಎರಡು ಪರಂಪರೆಗಳನ್ನೂ ಅವರು ಪರಸ್ಪರ ಪ್ರಶ್ನೆಗೆ ಒಡ್ಡಿದರು.

1987ರಲ್ಲಿ ಜಾನ್ ಹಿಕ್ ಮತ್ತು ಪಾಲ್ ನಿಟರ್ ಸಂಪಾದಿಸಿದ ಚರ್ಚಾಸ್ಪದ ಸಂಕಲನಕ್ಕೆ ಸಮರ್ಥರು ಶಿಲುಬೆ ಮತ್ತು ಕಾಮನಬಿಲ್ಲು ಎಂಬ ಪ್ರಬಂಧ ಬರೆದರು. ಶಿಲುಬೆ ಕ್ರೈಸ್ತನ ಬದ್ಧತೆ. ಕಾಮನಬಿಲ್ಲು ಜಲಪ್ರಳಯದ ಬಳಿಕ ದೇವರು ಸಕಲ ಜೀವಕೋಟಿಗೆ ಕೊಟ್ಟ ಮಾತಿನ ಗುರುತು. ಒಂದನ್ನು ಹಿಡಿದವನು ಇನ್ನೊಂದನ್ನು ಬಿಡಬೇಕಾಗಿಲ್ಲ. 1991ರ ಪುಸ್ತಕದಲ್ಲಿ ಈ ವಿಚಾರ ಪೂರ್ತಿಯಾಗಿ ಬಿಚ್ಚಿಕೊಂಡಿತು. ಪರಮಸತ್ಯ ಒಂದು ರಹಸ್ಯ, ಅದನ್ನು ಯಾವ ಧರ್ಮವೂ ಪೂರ್ತಿ ಹಿಡಿದಿಟ್ಟಿಲ್ಲ. ಉಪನಿಷತ್ತಿನ ಸತ್ ಎಂಬ ಮಾತೂ ಹೊಸ ಒಡಂಬಡಿಕೆಯ ದೇವರೆಂಬ ಮಾತೂ ಆ ರಹಸ್ಯಕ್ಕೆ ಎರಡು ನೆಲಗಳಲ್ಲಿ ಹುಟ್ಟಿದ ಉತ್ತರಗಳು. ಯೇಸುವಿನಲ್ಲಿ ದೇವರನ್ನು ಕಾಣುತ್ತೇವೆ, ಆದರೆ ದೇವರು ಅಷ್ಟಕ್ಕೇ ಮುಗಿಯುವುದಿಲ್ಲ.

ಅದೇ ಪುಸ್ತಕದಲ್ಲಿದೆ ಅವರ ಪ್ರಸಿದ್ಧ ಹೋಲಿಕೆ. ಕ್ರಿಸ್ತನ ಬಗೆಗಿನ ಒಂದು ಬಗೆಯ ವಿಚಾರ ಮೇಲಿಂದ ಇಳಿಯುವ ಹೆಲಿಕಾಪ್ಟರಿನಂತೆ. ಏಷ್ಯಾದ ನೆಲಕ್ಕೆ ಇಳಿಯುವಾಗ ಅದು ಎಬ್ಬಿಸುವ ಸದ್ದಿಗೆ ಸುತ್ತಲಿನವರಿಗೆ ಏನೂ ಕೇಳುವುದಿಲ್ಲ, ಏಳುವ ಧೂಳಿಗೆ ಏನೂ ಕಾಣುವುದಿಲ್ಲ. ಇನ್ನೊಂದು ಎತ್ತಿನಗಾಡಿಯದು. ಅದರ ಚಕ್ರ ಸದಾ ಮಣ್ಣುದಾರಿಗೆ ತಾಗಿಯೇ ಇರಬೇಕು, ಇಲ್ಲದಿದ್ದರೆ ಗಾಡಿ ಮುಂದೆ ಹೋಗದು. ದೇವರು ಮನುಷ್ಯನಾಗಿ ಬಂದನೆಂಬ ಕ್ರೈಸ್ತರ ಮೂಲ ನಂಬಿಕೆಗೆ ಇವೆರಡರಲ್ಲಿ ಹತ್ತಿರದ್ದು ಯಾವುದೆಂದು ಓದುಗರೇ ನಿರ್ಧರಿಸಲಿ ಎಂಬಂತಿದೆ ಆ ಮಾತು.

ಎರಡು ಕಡೆಯ ಆಕ್ಷೇಪ

ಟೀಕೆ ಬಲವಾಗಿಯೇ ಬಂತು. ಸುವಾರ್ತಾವಾದಿಗಳ ಪ್ರಶ್ನೆ ನೇರ: ಕ್ರಿಸ್ತನೇ ಏಕೈಕ ದಾರಿಯಲ್ಲದಿದ್ದರೆ ಪ್ರಾಣ ಕೊಟ್ಟು ಸಾರಿದವರೆಲ್ಲ ಯಾಕಾಗಿ ಸಾರಿದರು? ದಕ್ಷಿಣ ಭಾರತದಲ್ಲೇ ಬಿಷಪರಾಗಿದ್ದ ಲೆಸ್ಲಿ ನ್ಯೂಬಿಗಿನ್ ಈ ಬಗೆಯ ಬಹುತ್ವವಾದವನ್ನು ಗಟ್ಟಿಯಾಗಿ ಎದುರಿಸಿದರು. ಎಲ್ಲ ಧರ್ಮಗಳೂ ಒಂದೇ ರಹಸ್ಯದ ಕಡೆ ಹೊರಟಿವೆ ಎನ್ನಲು ಎಲ್ಲಕ್ಕಿಂತ ಎತ್ತರದಲ್ಲಿ ನಿಂತು ನೋಡಿದವನಾಗಿರಬೇಕಲ್ಲ ಎಂಬ ಅವರ ಬಗೆಯ ಆಕ್ಷೇಪವನ್ನು ಸುಲಭಕ್ಕೆ ತಳ್ಳಿಹಾಕಲಾಗದು.

ಇನ್ನೊಂದು ಆಕ್ಷೇಪ ಮನೆಯೊಳಗಿನದು, ನನ್ನ ಮಟ್ಟಿಗೆ ಹೆಚ್ಚು ತೂಕದ್ದು. 1981ರಲ್ಲಿ, ಸಮರ್ಥರು ಬೆಂಗಳೂರಿಗೆ ಮರಳಿದ ಆಸುಪಾಸಿನಲ್ಲೇ, ಅದೇ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಒಂದು ಉಪನ್ಯಾಸ ಕೊಟ್ಟರು. ದಲಿತ ದೇವಶಾಸ್ತ್ರಕ್ಕೆ ನಾಂದಿ ಹಾಡಿದ್ದು ಅದೇ ಎಂದು ಇವತ್ತು ಗುರುತಿಸುತ್ತಾರೆ. ಭಾರತದ ಕ್ರೈಸ್ತರಲ್ಲಿ ಬಹುಪಾಲು ದಲಿತರು. ಅವರ ಹಿರಿಯರು ಯಾವ ಓದಿನಿಂದ ದೂರವಿಡಲ್ಪಟ್ಟರೋ ಅದೇ ವೇದಾಂತದ ಜೊತೆ ಕ್ರಿಸ್ತನನ್ನು ಮಾತಿಗೆ ಕೂರಿಸಿದರೆ ಅವರಿಗೇನು ಸಿಕ್ಕಿತು? ಹಿಂದೂ ಧರ್ಮವೆಂದರೆ ಶಂಕರರಿಂದ ರಾಧಾಕೃಷ್ಣನ್‌ವರೆಗಿನ ಸಾಲು ಎಂದುಕೊಂಡದ್ದು ಸಮರ್ಥರ ತಲೆಮಾರಿನ ಮಿತಿ. ಕನ್ನಡದ ಓದುಗರಿಗೆ ಇದು ಇನ್ನೂ ಚುಚ್ಚುತ್ತದೆ. ವಚನಕಾರರ ನಾಡಿನಿಂದ, ಕೋಟಿ ಚೆನ್ನಯರ ಪಾಡ್ದನ ಹಾಡುವ ಸೀಮೆಯಿಂದ ಹೋದವರ ಸಂವಾದದಲ್ಲಿ ಅದ್ವೈತಕ್ಕೆ ಸಿಕ್ಕ ಜಾಗ ಇವಕ್ಕೆ ಸಿಗಲಿಲ್ಲ.

ಹಾಗೆಂದು ಸಮರ್ಥರ ಪ್ರಶ್ನೆ ಮುಗಿದಿಲ್ಲ. ಕೊನೆಯ ಎರಡು ದಶಕಗಳನ್ನು ಅವರು ಬೆಂಗಳೂರಿನಲ್ಲೇ ಬರೆಯುತ್ತ, ಸಂಶೋಧನ ವಿದ್ಯಾರ್ಥಿಗಳಿಗೆ ದಾರಿ ತೋರಿಸುತ್ತ ಕಳೆದರು. 1996ರಲ್ಲಿ ಆತ್ಮಕಥೆ ಬಂತು. 2001ರ ಜುಲೈಯಲ್ಲಿ ತೀರಿಕೊಂಡರು. ಮುಖ್ಯ ಕೃತಿಗಳನ್ನೆಲ್ಲ ಇಂಗ್ಲಿಷಿನಲ್ಲಿ ಬರೆದದ್ದು ಅವರು ಕನ್ನಡಕ್ಕೆ ದೂರವಾಗಲು ಒಂದು ಕಾರಣ. ಇನ್ನೊಂದು ಕಾರಣ ನಮ್ಮಲ್ಲೇ ಇದೆ. ಬಾಸೆಲ್‌ನಿಂದ ಬಂದು ನಮಗೆ ನಿಘಂಟು ಕೊಟ್ಟವರ ಋಣವನ್ನು ಪ್ರೀತಿಯಿಂದ ನೆನೆಯುತ್ತೇವೆ. ಆ ಮಿಶನ್ನಿನ ಸಭೆಯಲ್ಲೇ ಬೆಳೆದು, ಹೊರಟುಹೋಗಿ ಮಿಶನರಿ ಜಗತ್ತಿನ ಮನಸ್ಸನ್ನೇ ಬದಲಿಸಲು ಹೆಣಗಿದ ನಮ್ಮವರೊಬ್ಬರ ದೇವಶಾಸ್ತ್ರವನ್ನು ಮಾತ್ರ ಚರ್ಚಿನೊಳಗಿನ ವ್ಯವಹಾರವೆಂದು ಅಲ್ಲಿಗೇ ಬಿಟ್ಟಿದ್ದೇವೆ. ಕನ್ನಡ ಚಿಂತನೆಯ ಚರಿತ್ರೆ ಬರೆಯುವವರು ಅದನ್ನು ತಮ್ಮದೆಂದು ಎಣಿಸಿದ್ದು ಕಡಿಮೆ.

ಎಣಿಸಿದರೆ ಕಷ್ಟವಾಗುವುದು ಕ್ರೈಸ್ತರಿಗಷ್ಟೇ ಅಲ್ಲ. ಎಲ್ಲ ಧರ್ಮಗಳೂ ಒಂದೇ ಎಂದು ಹೇಳಿ ಮಾತು ಮುಗಿಸುವುದು ನಮಗೆ ರೂಢಿ. ಸಮರ್ಥರ ಸಂವಾದ ಅಲ್ಲಿ ಮುಗಿಯುವುದಲ್ಲ, ಅಲ್ಲಿಂದ ಮುಂದಕ್ಕೆ ಶುರುವಾಗುವುದು. ನಾನು ನಂಬಿದ್ದನ್ನು ಗಟ್ಟಿಯಾಗಿ ನಂಬುತ್ತೇನೆ, ನೀವೂ ಹಾಗೆಯೇ ನಂಬುತ್ತೀರಿ, ಅವೆರಡೂ ಒಂದೇ ಅಲ್ಲ. ಆದರೂ ಇಬ್ಬರೂ ಇದೇ ಊರಿನಲ್ಲಿ ಬಾಳಬೇಕು, ಒಬ್ಬರಿಂದೊಬ್ಬರು ಕಲಿಯಬೇಕು. ಎಲ್ಲ ಒಂದೇ ಎಂದವನು ಎದುರಿನವನ ಮಾತನ್ನು ಕೇಳುವ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ. ನನ್ನದೇ ಸರಿ ಎಂದವನಿಗೂ ಆ ತೊಂದರೆ ಇಲ್ಲ. ಸಮರ್ಥರು ಚರ್ಚುಗಳಿಂದ ಕೇಳಿದ್ದು ಆ ತೊಂದರೆ ತೆಗೆದುಕೊಳ್ಳಿ ಎಂದು. ಚರ್ಚಿನ ಹೊರಗಿರುವ ನಮಗೂ ಆ ಬೇಡಿಕೆ ಅನ್ವಯಿಸುತ್ತದೆ.